ಕೂಸಿನ ಪಾಲು

ದೆವ್ವವೂ ಇರಲಿಲ್ಲ, ಗಾಳಿಯೂ ಸೋಕಿರಲಿಲ್ಲ. ಒಂದು ಹೊಟ್ಟೆಗೆ ಎರಡು ಹೊಟ್ಟೆಯ ಊಟ ಹಾಕಿದೆವು, ಹುಡುಗಿ ದಪ್ಪಗಾದಳು. ನಡೆದದ್ದು ಇಷ್ಟೇ. ಉಳಿದದ್ದನ್ನು ನೀವು ಹೇಗೆ ಬೇಕಾದರೂ ತಿಳಿದುಕೊಳ್ಳಿ. ನಾಲ್ಕನೇ ಇಯತ್ತೆ ಓದಿದ ನನ್ನ ಬುದ್ಧಿ ಅಲ್ಲಿಗೇ ನಿಲ್ಲುತ್ತದೆ.

ಮೊನ್ನೆ ಸೊಸೆ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಒಂದು ಸಣ್ಣ ಹಿತ್ತಾಳೆ ತಾಟನ್ನು ಎತ್ತಿ ಹಿಡಿದು, "ಇದು ಯಾರದರಿ ಅತ್ತಿ?" ಎಂದಳು. "ಯಾರದೂ ಅಲ್ಲ, ಅತ್ತಾಗ ಇಡು" ಎಂದೆ. ಅತ್ತ ಇಡು ಎಂದರೆ ಅತ್ತ ಹೋಗುವ ತಾಟಲ್ಲ ಅದು.

ನನ್ನ ಮಗಳು ನೀಲವ್ವ ಹುಟ್ಟಿದ ಬೆನ್ನಿಗೇ ಇನ್ನೊಂದು ಹುಟ್ಟಿತ್ತು. ಅದೂ ಹೆಣ್ಣೇ. ಹೆಸರಿಡುವ ಮೊದಲೇ ಹೋಯಿತು. ಬಾಣಂತಿ ನಾನು ಜ್ವರದಲ್ಲಿ ಹೊರಸಿನ ಮೇಲಿದ್ದೆ. ಅತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು, ಬರಿಗೈಯಲ್ಲಿ ಬಂದಳು. ಎಲ್ಲಿ ಮಣ್ಣು ಕೊಟ್ಟಿರೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. "ಕೂಸು ಹೊರಗ ಐತಿ" ಅಂದಳು. ಸತ್ತಿತು ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡಲಿಲ್ಲ.

ಅವಳಿಯಲ್ಲಿ ಹೋದದ್ದು ಹಸಿದರೆ, ಉಳಿದದ್ದನ್ನು ಕರೆದೊಯ್ಯುತ್ತದೆ ಎಂದು ಅತ್ತೆಯ ನಂಬಿಕೆ. ಅದಕ್ಕೇ ಆ ಸಣ್ಣ ತಾಟು. ಕೂಸಿನ ಪಾಲನ್ನು ಅದರಲ್ಲಿ ಬಡಿಸಿ ನೀಲವ್ವನ ಬಲಕ್ಕೆ ಇಡುವುದು, ಆಮೇಲೆ ಅದನ್ನೂ ಅವಳಿಗೇ ತಿನ್ನಿಸುವುದು. "ಇದು ನಿಂದು. ಇದು ಅಕೀದು." ಮೊದಲು ಒಂದು ಒಳಲೆ ಹಾಲು, ಆಮೇಲೆ ಒಂದು ತುತ್ತು. ನೀಲವ್ವ ಬೆಳೆದಂತೆ ಆ ಪಾಲೂ ಬೆಳೆಯಿತು. ಇವಳು ಒಂದು ರೊಟ್ಟಿ ಉಂಡರೆ ಅದಕ್ಕೂ ಒಂದು, ಇವಳು ಎರಡು ಉಂಡರೆ ಅದಕ್ಕೂ ಎರಡು. ಇವಳು ಮೈನೆರೆದಾಗ ತವರಿನಿಂದ ಬಂದ ಅಂಟಿನುಂಡೆಯಲ್ಲೂ ಅದಕ್ಕೆ ಪಾಲಿತ್ತು. ಹೊರಗಿದ್ದ ಕೂಸಿಗೆ ನಮ್ಮ ಕಣ್ಣೆದುರೇ ವಯಸ್ಸಾಗುತ್ತಿತ್ತು.

ಎಮರ್ಜೆನ್ಸಿ ಮುಗಿದ ಮರುವರ್ಷದ ಮಾತು. ನೀಲವ್ವನಿಗೆ ಆಗ ಹದಿನಾಲ್ಕು, ಮಗ ಇನ್ನೂ ಹುಟ್ಟಿರಲಿಲ್ಲ. ಬಾವಿಯಿಂದ ಒಂದು ಕೊಡ ತರುವಷ್ಟರಲ್ಲಿ ಕಮ್ಮಾರನ ತಿದಿಯಂತೆ ಉಸಿರು ಬಿಡುತ್ತಿದ್ದಳು. ಹತ್ತಿಮತ್ತೂರಿನಿಂದ ಬಸ್ಸು ಹತ್ತಿ ಸವಣೂರಿನ ಡಾಕ್ಟರರಿಗೆ ತೋರಿಸಿದೆವು. "ಹಿಂಗ ಬಿಟ್ಟರ ಹುಡುಗಿ ಎದಿ ತಡಿಯೂದಿಲ್ಲ" ಎಂದರು. ಪಥ್ಯ ಅವಳೊಬ್ಬಳಿಗೇ ಅಲ್ಲವಂತೆ. "ಮನಿ ಮಂದಿಯೆಲ್ಲಾ ಒಂದ ಅಡಿಗಿ ಉಣ್ರಿ. ಮುಂಜಾನೆ ಎಲ್ಲಾರೂ ಕೂಡಿ ನಡೀರಿ. ನೀವು ಅಕಿ ಮುಂದ ಕುಂತು ಖಾರಾ ಮುಕ್ಕಿದ್ರ, ಅಕಿ ಏನು ಗ್ವಾಡಿ ನೆಕ್ಕಬೇಕ?" ನಮ್ಮ ಮನೆಯವರು ಆಗಷ್ಟೇ ಕೊಂಡಿದ್ದ ಖಾರಾ ಸೇವಿನ ಪೊಟ್ಟಣವನ್ನು ಧೋತರದ ಮರೆಗೆ ಸರಿಸಿದರು. ಡಾಕ್ಟರರು ನನ್ನ ಸೊಂಟದ ಕಡೆಗೂ ಒಮ್ಮೆ ನೋಡಿದರು. ಅದನ್ನು ನಾನು ಇನ್ನೂ ಮರೆತಿಲ್ಲ.

ಮನೆಯಲ್ಲಿ ಎಣ್ಣೆ ಇಳಿಯಿತು, ಪುಂಡಿಪಲ್ಯ ಏರಿತು. ಸಣ್ಣ ತಾಟನ್ನು ನಾನು ಅಟ್ಟಕ್ಕೆ ಹಾಕಿದೆ. ಅಂದು ಮಧ್ಯಾಹ್ನ ನೀಲವ್ವ ಉಂಡು ಕೈ ತೊಳೆಯಲಿಲ್ಲ. ಬಲಕ್ಕೆ, ಖಾಲಿ ನೆಲದ ಕಡೆಗೆ ತಿರುಗಿ ಕೂತಳು.

"ಯಾಕ, ಏನಾತು?" ಎಂದೆ.

"ಅಕಿ ನಿನ್ನ ಕೈ ನೋಡಾಕತ್ತಾಳ."

"ಹಾಕವಾ, ನನ್ನ ಮಾತ ಕೇಳು, ಒಂದ ತುತ್ತು ಹಾಕು" ಎಂದು ಅತ್ತೆ ಗೋಡೆಗೆ ಆತುಕೊಂಡಳು.

"ನೋಡ್ಲಿ" ಎಂದೆ. ಮಾತು ಗಟ್ಟಿಯಾಗಿಯೇ ಬಂತು. ಪಲ್ಯದ ಸವಟನ್ನು ತೊಳೆದಿಟ್ಟೆ.

ಮುಂಜಾನೆ ಮಂಜಿನಲ್ಲಿ ನಾವು ನಾಲ್ವರೂ ಹೊಲದ ದಾರಿ ಹಿಡಿಯುತ್ತಿದ್ದೆವು. "ಮನಿಮಂದೆಲ್ಲಾ ಎಲ್ಲಿ ಹೊಂಟೀರಿ? ಎಮ್ಮಿ ಕಳಕೊಂಡೀರೇನು?" ಎಂದು ಊರವರು ಕೇಳಿದರೆ, "ಬುದ್ಧಿ ಕಳಕೊಂಡೇವಿ, ಹುಡಕಾಕ ಹೊಂಟೇವಿ" ಎಂದು ಅತ್ತೆ ಸಿಡುಕುವಳು. ನೀಲವ್ವ ಮಾತ್ರ ದಾರಿಯ ಎಡ ಅಂಚಿಗೆ ಸರಿದು, ಬಲಗಡೆ ಒಬ್ಬರು ಹಿಡಿಯುವಷ್ಟು ಜಾಗ ಬಿಟ್ಟು ನಡೆಯುತ್ತಿದ್ದಳು. ಬೇಲಿಯ ಮುಳ್ಳು ತರಚಿದರೂ ಒಳಗೆ ಸರಿಯುತ್ತಿರಲಿಲ್ಲ. ಒಂದು ದಿನ ಜಾಲಿಗಿಡದ ಹತ್ತಿರ ಅವರಪ್ಪ ಏನೋ ಮಾತಾಡುತ್ತ ಆ ಜಾಗದಲ್ಲಿ ಕಾಲಿಟ್ಟರು.

"ಅಪ್ಪಾ, ಸರಿ! ಅಕೀನ್ನ ತುಳದಿ!"

ಆ ಚೀರಾಟಕ್ಕೆ ಗಿಡದ ಹಕ್ಕಿಗಳೆಲ್ಲ ಎದ್ದವು. ಅವರು ಒಂದು ಕಾಲನ್ನು ಎತ್ತಿಕೊಂಡೇ ನಿಂತುಬಿಟ್ಟರು.

ಅಂದು ಸಂಜೆ ಒಲೆಯ ಮುಂದೆ ಹುಡುಗಿಯನ್ನು ಕೂರಿಸಿಕೊಂಡು, "ಅಷ್ಟು ಹಸಿವಾಗತೈತೇನು ನಿನಗ?" ಎಂದು ಕೇಳಿದೆ.

"ನನಗಲ್ಲಬೇ. ನಾ ಉಣ್ಣದಿದ್ರ ಅಕಿ ಸಾಯ್ತಾಳ."

ನಾವೆಲ್ಲ ಅವಳನ್ನು ಹೊಟ್ಟೆಬಾಕಿ ಎಂದುಕೊಂಡಿದ್ದೆವು. ಅವಳು ತಂಗಿಯನ್ನು ಸಾಕುತ್ತಿದ್ದಳು.

"ಅಕಿ ಸತ್ತಾಳ, ನೀಲವ್ವಾ" ಎಂದೆ. "ನೀ ತೊಟ್ಟಿಲದಾಗ ಇದ್ದಾಗನ ಸತ್ತಾಳ. ಹಡದಾಕಿ ನಾ ಹೇಳಾಕತ್ತೇನಿ."

ಅವಳು ಅಳಲಿಲ್ಲ. "ಹಂಗಾರ ಎಲ್ಲಿ ಅದಾಳ?" ಎಂದಳು. ಅದು ನನಗೂ ಗೊತ್ತಿರಲಿಲ್ಲ. ಇಬ್ಬರೂ ಅತ್ತೆಯ ಕಡೆ ನೋಡಿದೆವು. ಮುದುಕಿ ಬೂದಿ ಕೆದಕಿ ಕೆಂಡ ಮುಚ್ಚಿದಳು. "ಮುಂಜಾನೆ ತೋರಸ್ತೇನಿ" ಅಂದಳು.

ನೀಲವ್ವನ ಮೈ ಒಮ್ಮೆಲೇ ಏನೂ ಇಳಿಯಲಿಲ್ಲ. ವರ್ಷಗಟ್ಟಲೆ ಎಲ್ಲರೂ ಒಂದೇ ಅಡುಗೆ ಉಂಡೆವು, ಒಂದೇ ದಾರಿ ನಡೆದೆವು. ಅವಳ ಉಸಿರು ಹಗುರಾಯಿತು. ಎಲ್ಲರಿಗಿಂತ ಕಡೆಗೆ ಇಳಿದದ್ದು ನನ್ನ ಸೊಂಟ. ಈಗ ಅವಳು ಶಿಗ್ಗಾಂವದಲ್ಲಿದ್ದಾಳೆ, ಓಡಿ ಬಸ್ಸು ಹತ್ತುತ್ತಾಳೆ. ಇಂದು ಸೊಸೆಯನ್ನು ಕರೆದು, "ಆ ತಾಟು ಯಾರದೂ ಅಲ್ಲ ಅಂದಿದ್ದೆ, ಸುಳ್ಳು. ಅದು ನನ್ನ ಸಣ್ಣ ಮಗಳದು" ಎಂದು ಹೇಳಿದೆ. ಅವಳು ತಾಟನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

ಇನ್ನು, ಅತ್ತೆ ತೋರಿಸುತ್ತೇನೆ ಎಂದಿದ್ದ ಆ ಮರುದಿನದ ಮುಂಜಾನೆ. ಅತ್ತೆ ಮುಂದೆ ನಡೆದಳು. ಜಾಲಿಗಿಡದ ಹತ್ತಿರ ನಿಂತು, ಕೋಲೂರಿ, "ಇಲ್ಲೇ" ಅಂದಳು. ನೀಲವ್ವನ ಅಪ್ಪ ಕಾಲೆತ್ತಿ ನಿಂತಿದ್ದ ಜಾಗ. "ಹುಡುಗಿಗೆ ಮೊದಲ ತೋರಿಸಿದ್ರೇನ್ರಿ ಅತ್ತಿ?" ಎಂದು ಮೆಲ್ಲಗೆ ಕೇಳಿದೆ. "ನನ್ನ ಕಣ್ಣಾಣಿ, ಇಲ್ಲ" ಅಂದಳು. ತೋರಿಸಿರಬೇಕು, ಮರೆತಿರಬೇಕು. ಅಟ್ಟದಿಂದ ಇಳಿಸಿ ತಂದಿದ್ದ ತಾಟಿನಿಂದ ರೊಟ್ಟಿ ಮುರಿದು ಅಲ್ಲಿಟ್ಟೆ. ಕಾಗೆ ಬಂತು. ಮರಳುವಾಗ ನೀಲವ್ವ ಎಂದಿನಂತೆ ಎಡಕ್ಕೆ ಸರಿದು ಜಾಗ ಬಿಟ್ಟಳು. ನಾನು ಹೋಗಿ ಆ ಜಾಗದಲ್ಲಿ ಕಾಲಿಟ್ಟೆ, ಮನೆಯವರೆಗೂ ಅಲ್ಲೇ ನಡೆದೆ. ಅವಳು ಚೀರಲಿಲ್ಲ.