ಗದ್ದುಗೆಯ ಮೇಲಿನ ರೇಡಿಯೊ

ಹೊಸ ವಸ್ತುವಿನ ಡಬ್ಬಿ ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಮಕ್ಕಳೇ, ಅದು ಇಷ್ಟು ವರ್ಷಗಳಲ್ಲಿ ಏನೂ ಬದಲಾಗಿಲ್ಲ. ರಟ್ಟಿನದು, ಅಂಟಿನದು, ಇನ್ನೂ ಯಾರ ಕೈಯೂ ತಾಗದ ಪ್ಲಾಸ್ಟಿಕ್ಕಿನದು. ಇವತ್ತು ಚಿತ್ರದುರ್ಗದ ಮನೆಯಲ್ಲಿ ನಮ್ಮ ಕಾವ್ಯ ತನ್ನ ಹೊಸ ಕಂಪ್ಯೂಟರಿನ ಡಬ್ಬಿ ಬಿಚ್ಚಿದಾಗ ನಾನು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ವಾಸನೆ ಅಲ್ಲಿಗೇ ಬಂತು. ಮೊರವನ್ನು ಹಾಗೇ ಬಿಟ್ಟು ಎದ್ದು ಹೋದೆ. ಅವಳು ತಂದದ್ದನ್ನು ನೋಡುವುದಕ್ಕಲ್ಲ, ಆ ವಾಸನೆಯನ್ನು ಇನ್ನೊಂದಿಷ್ಟು ಕುಡಿಯುವುದಕ್ಕೆ.

ಕಂಪ್ಯೂಟರಿಗೆ ಬುದ್ಧಿಯನ್ನು ಬೇರೆಯಾಗಿ ಹಾಕಬೇಕಂತೆ. ಅದರ ಹೆಸರು ಆಪರೇಟಿಂಗ್ ಸಿಸ್ಟಮ್. ಬೆರಳಿನಷ್ಟು ಉದ್ದದ ಪೆನ್ ಡ್ರೈವಿನಲ್ಲಿ ಅದನ್ನು ತುಂಬಿಕೊಂಡು ಬಂದು ಹಿಂದುಗಡೆ ಚುಚ್ಚಿದ್ದಳು. ಪರದೆಯ ಮೇಲೆ ಗೆರೆ ತುಂಬುತ್ತಾ ಹೋಗಿ ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಪರದೆ ಕತ್ತಲಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ಪರದೆ ಏನೂ ಗೊತ್ತಿಲ್ಲದಂತೆ ‘ಯಾವ ಭಾಷೆ ಬೇಕು?’ ಎಂದು ಮೊದಲಿನಿಂದ ಶುರುಮಾಡುತ್ತಿತ್ತು. ನಾಲ್ಕು ಸಲ ಹೀಗಾಯಿತು. ಕಾವ್ಯ ಫೋನು ನೋಡಿಕೊಂಡು ಇಲ್ಲಿ ಒಂದು ಒತ್ತಿದಳು, ಅಲ್ಲಿ ಒಂದು ಬದಲಾಯಿಸಿದಳು, ವೈರು ಕಿತ್ತು ಹಾಕಿದಳು. ಕೊನೆಗೆ, “ಈ ಮಷೀನೇ ಸರಿ ಇಲ್ಲ ಅಜ್ಜಿ, ವಾಪಸ್ ಕೊಡ್ತೀನಿ” ಎಂದಳು.

ವಾಪಸ್ ಎನ್ನುವ ಆ ಮಾತು ಕೇಳಿದ್ದೇ ನನಗೆ ಗಂಡನ ಊರಾದ ಹರಿಯಬ್ಬೆಯ ಮನೆ ನೆನಪಾಯಿತು.

ಎಪ್ಪತ್ತರ ದಶಕದ ಮಾತು. ನಾನು ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ್ದೆ. ಓದಿದ ಹುಡುಗಿ ಎಂದು ತಂದುಕೊಂಡಿದ್ದರು, ಆದರೆ ಬಾಯಿ ಬಿಟ್ಟರೆ ತಾನೇ ಓದಿದ್ದು ಗೊತ್ತಾಗುವುದು? ಯಾರಾದರೂ ಹೆಸರು ಕೇಳಿದರೂ ಸೆರಗಿನ ತುದಿಗೆ ಹೇಳುತ್ತಿದ್ದೆ. ನಮ್ಮದು ಕುರಿ ಸಾಕುವ ಮನೆ. ಕಂಬಳಿ ನೇಯುತ್ತಿದ್ದೆವು. ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಕೊಡುವುದರಲ್ಲಿ ನಮ್ಮ ಅತ್ತೆಯದು ಎತ್ತಿದ ಕೈ. ಬೀಜವನ್ನು ಹುರಿದು, ಸಿಪ್ಪೆ ಕಳೆದು, ನೆನೆಸಿ, ರುಬ್ಬಿ, ಕುದಿಸಿ ಅವರು ಮಾಡುತ್ತಿದ್ದ ಗಂಜಿ ಹಾಕಿದ ಕಂಬಳಿಯ ಮೇಲೆ ನೀರು ಹನಿಹನಿಯಾಗಿ ನಿಲ್ಲುತ್ತಿತ್ತು.

ಬಾಯಲ್ಲಿ ಬಾರದ್ದು ನನಗೆ ಬರವಣಿಗೆಯಲ್ಲಿ ಬರುತ್ತಿತ್ತು. ಹಿರಿಯೂರಿನಿಂದ ಬಳೆ ಮಾರಲು ಬರುತ್ತಿದ್ದ ಮಹಬೂಬಿ, ತಮ್ಮ ಮನೆಯ ರೇಡಿಯೊದಲ್ಲಿ ಬುಧವಾರ ಮಧ್ಯಾಹ್ನ ಹೆಂಗಸರ ಕಾಗದಗಳನ್ನು ಓದುತ್ತಾರೆ ಎಂದು ಹೇಳಿದ್ದರು. ಒಂದು ದಿನ ನನಗೆ ಏನನ್ನಿಸಿತೋ, ಹುಣಸೆಬೀಜದ ಗಂಜಿ ಮಾಡುವ ಬಗೆಯನ್ನು ಎರಡು ಪುಟ ಬರೆದೆ. ಕೆಳಗೆ ಹೆಸರು ಹಾಕುವ ಧೈರ್ಯ ಬರಲಿಲ್ಲ. ‘ಹಿರಿಯೂರು ತಾಲ್ಲೂಕಿನ ಒಬ್ಬ ಸೋದರಿ’ ಎಂದು ಹಾಕಿ ಮಹಬೂಬಿಯ ಕೈಗೆ ಕೊಟ್ಟೆ. ಉತ್ತರಕ್ಕೆ ಅವರದೇ ವಿಳಾಸ. ತಿಂಗಳಾದ ಮೇಲೆ ಅವರು ನನ್ನ ಕೈಗೆ ಬಳೆ ಏರಿಸುತ್ತಾ ಕಿವಿಯ ಹತ್ತಿರ ಬಗ್ಗಿ, “ಕಾರ್ಡು ಬಂದೈತೆ ಕಣೇ ಬೇಟಿ. ಬರೋ ಬುಧವಾರ ಒಂದು ಗಂಟೆಗೆ ಓದ್ತಾರಂತೆ. ಕೈ ಸಡ್ಲ ಬಿಡು, ಬಳೆ ಒಡೀತೈತೆ!” ಎಂದರು.

ನಮ್ಮ ಮನೆಯಲ್ಲಿ ರೇಡಿಯೊ ಇರಲಿಲ್ಲ. ಊರಲ್ಲಿದ್ದದ್ದು ಒಂದೇ, ಗಂಡಸರು ಕೂರುವ ಚಹದಂಗಡಿಯಲ್ಲಿ. ಅಲ್ಲಿಗೆ ನಾನು ಹೋಗುವುದೆಂದರೇನು! ಆದರೆ ನೋಡಿ, ಆ ಭಾನುವಾರವೇ ನಿಮ್ಮ ತಾತ ಕಂಕುಳಲ್ಲಿ ರಟ್ಟಿನ ಡಬ್ಬಿ ಇಟ್ಟುಕೊಂಡು ಹಿರಿಯೂರಿನಿಂದ ಬಸ್ಸಿಳಿದರು. ಎಷ್ಟೋ ದಿನದಿಂದ ಅವರಿಗೆ ಆಸೆಯಿತ್ತಂತೆ. ನಾನು ಕೇಳಿರಲಿಲ್ಲ. ಡಬ್ಬಿ ಬಿಚ್ಚಿದಾಗ ಬಂದ ವಾಸನೆ ಈಗಲೂ ನೆನಪಿದೆ.

ನಮ್ಮ ಮನೆಯಲ್ಲಿ ಯಾವ ಹೊಸ ವಸ್ತುವೂ ಬಂದದ್ದೇ ಬಳಕೆಗೆ ಬೀಳುತ್ತಿರಲಿಲ್ಲ. ಮೊದಲು ಅದಕ್ಕೆ ಗದ್ದುಗೆಯಾಗಬೇಕು. ದೇವರ ಕಟ್ಟೆಯ ಮೇಲೆ ಕರಿಯ ಕಂಬಳಿ ಹಾಸಿ, ಅದರ ಮೇಲೆ ವಸ್ತುವನ್ನು ಇಟ್ಟು, ಭಂಡಾರದ ಅರಿಶಿನ ಹಚ್ಚಿ ಪೂಜೆ ಮಾಡುವುದು. ವಾರ ತುಂಬಿದ ಮೇಲಿನ ಸೋಮವಾರ ಗದ್ದುಗೆ ಎಬ್ಬಿಸುವ ತನಕ ಅದನ್ನು ಕಂಬಳಿಯಿಂದ ಎತ್ತುವ ಹಾಗಿಲ್ಲ. ಹೊಸ ಕುಡುಗೋಲಿಗೂ ಅಷ್ಟೆ, ರೇಡಿಯೊಗೂ ಅಷ್ಟೆ. ಕಟ್ಟೆ ತೆಂಕಣ ಗೋಡೆಗೆ ಅಂಟಿಕೊಂಡಿತ್ತು. ಹಾಗಾಗಿ ರೇಡಿಯೊ ಬಡಗಣಕ್ಕೆ ಮುಖ ಮಾಡಿ ಕುಳಿತಿತು. ಅತ್ತೆ ಅದರ ಹಣೆಗೆ, ಎಂದರೆ ಮುಳ್ಳು ಓಡಾಡುವ ಗಾಜಿನ ಮೇಲೆ, ಭಂಡಾರ ಹಚ್ಚಿ ಕೈ ಮುಗಿದರು. ನಿಮ್ಮ ತಾತ ಗುಂಡಿ ಹಿಡಿದು ಅದರ ಕಿವಿ ತಿರುಪಿದರು.

ಗುರ್ರ್ ಎಂದಿತು. ಅಷ್ಟೆ.

“ಅಂಗಡ್ಯಾಗೆ ಹಾಡು ಹಾಡ್ತಿತ್ತವ್ವ, ನನ್ನಾಣೆ” ಎಂದರು ತಾತ.

“ಅಂಗಡ್ಯಾಗೆ ಹಾಡ್ತೈತೆ, ನಮ್ಮನ್ಯಾಗೆ ಗೊರಕೆ ಹೊಡೀತೈತೆ. ಹೊಸ ಸೊಸೆ ಇದ್ದಂಗೈತೆ ಬಿಡು, ಬಾಯೇ ಬಿಡಲ್ಲ” ಎಂದು ಅತ್ತೆ ನನ್ನ ಕಡೆ ನೋಡಿ ನಕ್ಕರು.

ಸೋಮವಾರವೆಲ್ಲ ತಾತನ ರಿಪೇರಿ ನಡೆಯಿತು. ಎತ್ತುವಂತಿಲ್ಲವಲ್ಲ, ಕಟ್ಟೆಯ ಮೇಲೆ ಬಾಗಿಕೊಂಡೇ ಹಿಂದಿನ ಮುಚ್ಚಳ ತೆಗೆದು ಸೆಲ್ಲುಗಳನ್ನು ತಿರುವು ಮುರುವು ಮಾಡಿದರು. ಅದೇ ಹೊತ್ತಿಗೆ ಮುಳ್ಳನ್ನೂ ತಿರುಗಿಸಿದರು. ಜೊತೆಗೊಂದು ತಂತಿಯನ್ನೂ ಸಿಕ್ಕಿಸಿದರು. ಆಮೇಲೆ ಯಾವುದು ಮೊದಲು ಹೇಗಿತ್ತು ಎಂಬುದು ಅವರಿಗೇ ಮರೆತುಹೋಗಿ ಗುರ್ರ್ ಎನ್ನುವುದೂ ನಿಂತಿತು. ಅವರು ಕುರಿ ಹಟ್ಟಿಗೆ ಹೋದ ಮೇಲೆ ನಾನು ಕೂಡಿಸು, ಕಳೆ ಗುರುತು ನೋಡಿ ಸೆಲ್ಲುಗಳನ್ನು ಸರಿಯಾಗಿ ಹಾಕಿದೆ. ಗುರ್ರ್ ಮರಳಿ ಬಂತು. ಅದೂ ಒಂದು ಸಂತೋಷವೇ.

ಅತ್ತೆ ಸಂಜೆ ತೀರ್ಪು ಕೊಟ್ಟರು. “ಗುರುವಾರ ಹಿರಿಯೂರಿಗೆ ಹೋಗ್ತೀಯಲ್ಲ, ದೇವರಿಗೆ ತಪ್ಪುಕಾಣಿಕೆ ಇಟ್ಟು ಗದ್ದುಗೆ ಎಬ್ಬಿಸ್ತೀನಿ, ವಾಪಸ್ ಕೊಟ್ಟು ಬಂದುಬಿಡು. ದೇವರ ಮುಂದೆ ಕುಂತೂ ಮಾತಾಡ್ದೇ ಇರೋದು ಮನ್ಯಾಗೆ ಬ್ಯಾಡ.” ಗುರುವಾರದ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಅದು ಬಾಯಿ ಬಿಟ್ಟರೆ ಸಾಕಿತ್ತು. ಆದರೆ ಏಕೆ ಎಂದು ಯಾರಿಗೆ ಹೇಳಲಿ?

ಮಂಗಳವಾರ ಬೆಳಿಗ್ಗೆ ಒಂದು ಕುರಿಮರಿ ಒಳಗೆ ನುಗ್ಗಿತು. ಪಡಸಾಲೆಯಲ್ಲಿ ಕಟ್ಟಿದ್ದ ಎಳೆಯ ಮರಿ, ಹಗ್ಗ ಕಳಚಿಕೊಂಡಿತ್ತು. ಅದು ಕಟ್ಟೆಯ ಅಂಚಿಗೆ ಇಳಿಬಿದ್ದಿದ್ದ ಕಂಬಳಿಯ ಮೂಲೆಯನ್ನು ಬಾಯಲ್ಲಿ ಹಿಡಿದು ಜಗ್ಗಿತು. ರೇಡಿಯೊ ಕಂಬಳಿಯ ಸಮೇತ ಅಡ್ಡ ತಿರುಗಿತು. ತಾತ ಆಗಷ್ಟೇ ಅದನ್ನು ಹಚ್ಚಿ ಬೇಸರದಿಂದ ನಿಂತಿದ್ದರು. ಇದ್ದಕ್ಕಿದ್ದಂತೆ ಒಳಗಿನಿಂದ ಗಂಡಸೊಬ್ಬರು ಶೇಂಗಾ ಬಿತ್ತನೆಯ ಬಗ್ಗೆ ಸ್ಪಷ್ಟವಾಗಿ ಮಾತಾಡತೊಡಗಿದರು! ಎಲ್ಲರೂ ಓಡಿ ಬಂದೆವು. ಅತ್ತೆ ಮರಿಯನ್ನು ಗದರಿಸಿ ಕಂಬಳಿಯನ್ನು ಮೊದಲಿನಂತೆ ನೇರ ಮಾಡಿದರು. ಮತ್ತೆ ಗುರ್ರ್.

“ಏಟು ಬಿದ್ದಿದ್ದಕ್ಕೆ ಮಾತಾಡ್ತು ನೋಡವ್ವ” ಎಂದು ತಾತ ಅದರ ಎರಡೂ ಕೆನ್ನೆಗೆ ಬಾರಿಸಿದರು. ಬಾರಿಸಿದಷ್ಟೂ ಅದು ಗುರುಗುಟ್ಟಿತು.

ನಾನು ಮಾತ್ರ ಬಾಗಿಲ ಹಿಂದೆ ನಿಂತು ಯೋಚಿಸುತ್ತಿದ್ದೆ. ಮರಿ ಹೊಡೆದಿರಲಿಲ್ಲ, ತಿರುಗಿಸಿತ್ತು. ಮಧ್ಯಾಹ್ನ ಮನೆ ಖಾಲಿಯಾದಾಗ ಒಲೆಯ ಇದ್ದಿಲು ತಂದು ಕಟ್ಟೆಯ ಮಗ್ಗುಲಿಗೆ ಕುಳಿತೆ. ಮುಳ್ಳನ್ನು ಮುಟ್ಟಲಿಲ್ಲ, ಸೆಲ್ಲನ್ನು ಮುಟ್ಟಲಿಲ್ಲ. ಕಂಬಳಿಯ ಮೂಲೆಯನ್ನು ಒಂದೊಂದೇ ಗೇಣು ಎಳೆದೆ, ಎಳೆದಾಗಲೆಲ್ಲ ನೆಲದ ಮೇಲೊಂದು ಗುರುತು ಹಾಕಿದೆ. ಬಡಗಣಕ್ಕೆ ಮುಖವಿದ್ದರೆ ಗುರ್ರ್. ಮೂಡಣಕ್ಕೆ ತಿರುಗಿಸಿದರೆ ಮಾತು. ತೆಂಕಣಕ್ಕೆ ಮತ್ತೆ ಗುರ್ರ್. ಪಡುವಣಕ್ಕೆ ಮಾತು. ರೇಡಿಯೊ ಕೇಂದ್ರವಿದ್ದ ಊರು ನಮಗೆ ಪಡುವಣದಲ್ಲಿ. ಇದಕ್ಕೆ ಕಿವಿಗಳಿರುವುದು ನಮ್ಮ ಹಾಗೆ ಮಗ್ಗುಲಲ್ಲಿ ಅಲ್ಲ, ಹೊಟ್ಟೆಯಲ್ಲಿ ಮತ್ತು ಬೆನ್ನಿನಲ್ಲಿ ಎಂದು ಲೆಕ್ಕ ಹಾಕಿದೆ. ತೀರಾ ತಪ್ಪೇನಲ್ಲ. ವರ್ಷಗಳಾದ ಮೇಲೆ ರಿಪೇರಿಯವರೊಬ್ಬರು ಅದರ ಹೊಟ್ಟೆ ಬಿಚ್ಚಿದಾಗ, ತೆಳು ತಾಮ್ರದ ತಂತಿ ಸುತ್ತಿದ ಕರಿಯ ಕಡ್ಡಿಯೊಂದು ಉದ್ದಕ್ಕೆ ಮಲಗಿದ್ದನ್ನು ತೋರಿಸಿದರು. ಕಡ್ಡಿಯ ತುದಿ ಕೇಂದ್ರದ ಕಡೆಗಿದ್ದರೆ ಅದಕ್ಕೆ ಏನೂ ಕೇಳಿಸುವುದಿಲ್ಲವಂತೆ. ಅಂದು ನನಗೆ ಆದ ಹೆಮ್ಮೆಯನ್ನು ಯಾರಿಗೂ ತೋರಿಸಲಿಲ್ಲ.

ಬುಧವಾರ ಒಂದು ಗಂಟೆಗೆ ಅತ್ತೆ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದರು. ತಾತ ಊಟಕ್ಕೆ ಬಂದಿದ್ದರು. ನಾನು ಕಂಬಳಿ ಎಳೆದು ಕಿವಿ ತಿರುಪಿದೆ. ಹೆಂಗಸಿನ ದನಿ ಕೇಳಿ ಅತ್ತೆ ದಡಬಡ ಒಳಗೆ ಬಂದರು.

“ಲೇ, ಗದ್ದುಗೆ ಎಬ್ಬಿಸಿದ್ಯಾ?”

“ಎಬ್ಬಿಸಿಲ್ಲ ಅತ್ತೆ. ತಿರುಗಿಸಿದೆ ಅಷ್ಟೆ. ಕಂಬಳಿ ಮ್ಯಾಲೇ ಐತೆ.”

ಅವರ ಎದುರು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅವರು ಇನ್ನೇನೋ ಹೇಳಬೇಕು ಎನ್ನುವಷ್ಟರಲ್ಲಿ ರೇಡಿಯೊದ ಹೆಂಗಸು ‘ಹಿರಿಯೂರು ತಾಲ್ಲೂಕಿನ ಒಬ್ಬ ಸೋದರಿ’ ಎಂದರು. ನಾನು ಕದ್ದು ಬರೆದ ಮಾತುಗಳು ದೇವರ ಕಟ್ಟೆಯಿಂದ ಒಂದೊಂದಾಗಿ ಇಳಿದು ಬಂದವು. ಅತ್ತೆ ಹಾಗೇ ಕುಳಿತು ಕೇಳಿದರು. ಹುರಿಯುವುದು ಬಂತು, ತಲೆ ಆಡಿಸಿದರು. ಸಿಪ್ಪೆ ಕಳೆಯುವುದು ಬಂತು, ಅದಕ್ಕೂ ಆಡಿಸಿದರು. ‘ಎರಡು ದಿನ ನೆನೆಸಬೇಕು’ ಎಂದದ್ದೇ ತಡ, ಎದ್ದು ನಿಂತರು.

“ಯಾವಳೇ ಅವಳು! ಚಳಿಗಾಲದಾಗೆ ಎರಡು ದಿನಕ್ಕೆ ನೆನೀತಾವೇನು? ಮೂರು ದಿನ ಬೇಕು! ಇವಳ ಮಾತು ಕೇಳ್ಕೊಂಡು ಎಷ್ಟು ಜನ ಕಂಬಳಿ ಕೆಡಿಸ್ಕಂತಾರೋ!”

ತಪ್ಪು ನನ್ನದೇ. ನಾನು ಮದುವೆಯಾಗಿ ಬಂದದ್ದು ಬೇಸಿಗೆಯಲ್ಲಿ. ಅವರು ಗಂಜಿ ಮಾಡುವುದನ್ನು ನೋಡಿದ್ದೂ ಆಗಲೇ.

“ಹಂಗಾರೆ ನಾಳೆ ವಾಪಸ್ ಕೊಟ್ಟುಬಿಡ್ಲೇನವ್ವ?” ಎಂದು ತಾತ ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೇಳಿದರು.

“ಇದನ್ನ ಕೊಟ್ಟುಬಿಟ್ರೆ ಅವಳು ತಿದ್ದಿಕೊಂಡ್ಲೋ ಇಲ್ವೋ ಹೆಂಗೆ ಗೊತ್ತಾಗ್ತೈತೆ? ಇರ್ಲಿ ಸುಮ್ನಿರು.” ಆಮೇಲೆ ನನ್ನ ಕಡೆ ತಿರುಗಿ, “ನೀನು ಓದಿದಾಕಿ, ಹಾಳೆ ತಗಂಬಾ. ನಾನು ಹೇಳ್ತೀನಿ, ಬರಿ” ಎಂದರು.

ಹೀಗೆ ನನ್ನ ಕಾಗದವನ್ನು ತಿದ್ದುವ ಕಾಗದವನ್ನೂ ನಾನೇ ಬರೆದೆ. ಅತ್ತೆ ಹೇಳಿದ್ದನ್ನೆಲ್ಲ ಬರೆದು ಕೊನೆಯಲ್ಲಿ ಮತ್ತೆ ‘ಒಬ್ಬ ಸೋದರಿ’ ಎಂದು ಹಾಕಹೊರಟೆ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಕೈ ನಿಂತದ್ದು ಕಾಣುತ್ತಿತ್ತಲ್ಲ.

“ಈ ಸಾರಿ ಹೆಸರು ಹಾಕವ್ವ” ಎಂದರು ಮೆಲ್ಲಗೆ. “ತಪ್ಪು ಬರದಾಗ ಮುಚ್ಚಿಟ್ಕಂಡಿದ್ದು ಆತು. ಸರಿ ಬರಿವಾಗ ಯಾಕೆ ನಾಚಿಕೆ?”

ನಾನು ತಲೆ ಎತ್ತುವಷ್ಟರಲ್ಲಿ ಅವರು ಅಂಗಳಕ್ಕೆ ಹೋಗಿ ಉಣ್ಣೆಯ ಮುಂದೆ ಕುಳಿತಾಗಿತ್ತು. ಅಷ್ಟಾದರೂ ನಾನು ಹಾಕಿದ್ದು ಅವರ ಹೆಸರನ್ನು. ನನ್ನದನ್ನಲ್ಲ. ಅದು ರೇಡಿಯೊದಲ್ಲಿ ಬಂದಾಗ ಅವರು ನನ್ನನ್ನು ಬೈದರು, ಆದರೆ ಆ ದಿನವೆಲ್ಲ ನಗುತ್ತಲೇ ಇದ್ದರು.

ಇದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ಕಾವ್ಯಳ ಪಕ್ಕದಲ್ಲಿ ಕುಳಿತೆ. “ಒಂದು ಸಲಕ್ಕೆ ಒಂದೇ ಬದಲಾಯಿಸು. ಏನೇನು ಮಾಡಿದೆ ಅಂತ ಬರಿ” ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಬರೆದಳು. ಪಟ್ಟಿಯನ್ನು ಓದಿಸಿಕೊಂಡೆ. ಪೆನ್ ಡ್ರೈವ್ ಚುಚ್ಚಿದ್ದು ಇತ್ತು, ತೆಗೆದದ್ದು ಇರಲಿಲ್ಲ. “ಎಲ್ಲ ಮುಗೀತು ಅಂತ ಅದು ಹೇಳಿದ ಮೇಲೂ ಆ ಕಡ್ಡಿ ಅಲ್ಲೇ ಇರಬೇಕಾ?” ಎಂದು ಸುಮ್ಮನೆ ತಿಳಿಯಲೆಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಹಣೆ ಚಚ್ಚಿಕೊಂಡಳು, ಕಡ್ಡಿಯನ್ನು ಕಿತ್ತಳು. ಕಂಪ್ಯೂಟರ್ ಪ್ರತಿಸಲವೂ ಕಣ್ಣು ಬಿಟ್ಟ ಕೂಡಲೇ ಆ ಕಡ್ಡಿಯನ್ನು ಕಂಡು ಕೆಲಸವನ್ನು ಮೊದಲಿನಿಂದ ಹಿಡಿಯುತ್ತಿತ್ತಂತೆ. ಈ ಸಲ ಪರದೆ ಕತ್ತಲಾಯಿತು. ನೀಲಿ ಬೆಳಕು ಬಂತು.

“ಅಜ್ಜಿ, ಇದರಲ್ಲಿ ಮೊದಲನೇದಾಗಿ ನೀನೇ ಏನಾದ್ರೂ ಹೇಳು, ಟೈಪ್ ಮಾಡ್ತೀನಿ” ಎಂದಳು.

ನೀವು ಈಗ ಓದುತ್ತಿರುವುದು ಅದನ್ನೇ. ಸುಲಿಯದ ಅವರೆಕಾಯಿ ಇನ್ನೂ ಮೊರದಲ್ಲೇ ಇದೆ. ಕಾವ್ಯಳ ಬೆರಳು ಈಗಷ್ಟೇ ನಿಂತಿದೆ. “ಕೆಳಗೆ ಏನಂತ ಹಾಕಲಿ? ಅಜ್ಜಿ ಅಂತಲಾ?” ಎಂದು ಕೇಳುತ್ತಿದ್ದಾಳೆ.

ಬೇಡ ಮಗಳೇ, ನನ್ನ ಹೆಸರು ಹಾಕು ಎಂದೆ.