ಮಹಡಿ ಮೇಲಿನ ಹುಡುಗಿಯ ಆರೋಗ್ಯ ವಿಮೆ

ವಿಮಾ ಏಜೆಂಟನಾಗಿ ನಾನು ಅರ್ಧ ಆಯುಷ್ಯ ಕಳೆದಿದ್ದೇನೆ. ಕಲಬುರಗಿಯ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಗಳಿಂದ ಹಿಡಿದು ಕಪನೂರಿನ ಕಾರ್ಖಾನೆಗಳವರೆಗೆ ನನ್ನ ಸ್ಕೂಟರ್ ಹೋಗದ ಓಣಿಯಿಲ್ಲ. ಆದರೆ ಪರದೇಶದಿಂದ ಬಂದವರೊಬ್ಬರಿಗೆ ಆರೋಗ್ಯ ವಿಮೆ ಆರಿಸಿಕೊಟ್ಟದ್ದು ಒಂದೇ ಸಲ. ಅದೂ ಮೊದಲು ತಪ್ಪಾಗಿ ಆರಿಸಿದ್ದೆ.

ಕುಸನೂರಿನಲ್ಲಿ ನಮ್ಮ ಮನೆ. ಯೂನಿವರ್ಸಿಟಿ ಹತ್ತಿರವಾದ್ದರಿಂದ ಮಹಡಿಯ ಖೋಲಿಯನ್ನು ಓದುವವರಿಗೆ ಬಾಡಿಗೆ ಕೊಡುತ್ತಿದ್ದೆವು. ಆ ವರ್ಷ ಮಳೆಗಾಲದ ಆರಂಭದಲ್ಲಿ ತಾಂಜಾನಿಯಾದ ಹೆಣ್ಣುಮಗಳೊಬ್ಬಳು ಬಂದಳು. ವಯಸ್ಸು ಮೂವತ್ತರ ಹತ್ತಿರ. ತೊಗರಿ ಗಿಡ ನಿಂತಲ್ಲೇ ಒಣಗುವ ನೆಟೆ ರೋಗದ ಮೇಲೆ ಸಂಶೋಧನೆ ಮಾಡಲು ಅಷ್ಟು ದೂರದಿಂದ ಬಂದಿದ್ದಳು. ಆಫ್ರಿಕಾದಲ್ಲೂ ತೊಗರಿ ಬೆಳೆಯುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಅಂಗಳದಲ್ಲಿ ಮೊರದ ತುಂಬ ತೊಗರಿ ಹಸನು ಮಾಡುತ್ತ ಕೂತಿದ್ದಾಗ ಆ ಹುಡುಗಿ ಮೆಟ್ಟಿಲು ಇಳಿದು ಬಂದು, ಒಂದು ಹಿಡಿ ಕಾಳು ಕೈಗೆ ತೆಗೆದುಕೊಂಡು, "ಎಂಬಾಜಿ" ಎಂದು ತಮ್ಮ ಭಾಷೆಯ ಹೆಸರು ಹೇಳಿ ನಕ್ಕಳು. ತನ್ನ ಅಜ್ಜಿಯೂ ಹೀಗೆಯೇ ಕಾಲು ಚಾಚಿ ಕೂತು ಕೇರುತ್ತಾಳೆಂದು ಅಭಿನಯಿಸಿ ತೋರಿಸಿದಳು. ಅವತ್ತಿನಿಂದ ನನ್ನ ಹೆಂಡತಿ ಅವಳಿಗೆ ಅವ್ವ, ನಾನು ಕಾಕಾ. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು, ಹೆಂಡತಿಯ ಜೊತೆ ಅವಳಿಂದಲೇ ಕಲಿತ ಕನ್ನಡದಲ್ಲಿ.

ಬಂದು ಎರಡು ವಾರಕ್ಕೆ ಯೂನಿವರ್ಸಿಟಿಯವರು ಆರೋಗ್ಯ ವಿಮೆಯ ಕಾಗದ ಕೊಡಲು ಹೇಳಿದರು. ಅವಳು ಮೂರು ಕಂಪನಿಗಳ ಕಾಗದ ಹಿಡಿದುಕೊಂಡು ನಮ್ಮ ಊಟದ ಮೇಜಿಗೆ ಬಂದಳು. "ಕಾಕಾ, ಇದು ನಿಮ್ಮ ಕೆಲಸ ಅಲ್ಲವೇ? ನನಗೆ ಯಾವುದು ಸರಿ, ಹೇಳಿ" ಎಂದಳು.

ಮೊದಲನೆಯದು ವಿದ್ಯಾರ್ಥಿಗಳಿಗಾಗಿಯೇ ಇದ್ದ ಅಗ್ಗದ ಪಾಲಿಸಿ. ಅಪಘಾತ ಮತ್ತು ಹಠಾತ್ ಕಾಯಿಲೆಗೆ ಮಾತ್ರ ಅನ್ವಯಿಸುವಂಥದ್ದು. ಎರಡನೆಯದು ನಮ್ಮ ದೇಶದ್ದೇ ಒಂದು ಕಂಪನಿಯದು. ಇಲ್ಲಿ ವಾಸವಿರುವ ವಿದೇಶಿಯರಿಗೂ ಕೊಡುತ್ತಿದ್ದರು, ಊರಿನ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಕೈಯಿಂದ ದುಡ್ಡು ಕಟ್ಟದೆ ಚಿಕಿತ್ಸೆ ಸಿಗುತ್ತಿತ್ತು. ಮೂರನೆಯದು ಹೊರದೇಶದಲ್ಲಿ ನೆಲೆಸುವವರಿಗೆಂದೇ ಒಂದು ವಿದೇಶಿ ಕಂಪನಿ ಮಾರುತ್ತಿದ್ದದ್ದು. ಕಂತು ಎಲ್ಲಕ್ಕಿಂತ ಹೆಚ್ಚು. ಎರಡನೆಯ ಕಂಪನಿಗೆ ನಾನೇ ಏಜೆಂಟ್.

ನಾನು ಹೆಚ್ಚು ಯೋಚಿಸಲಿಲ್ಲ. ಎರಡನೆಯದೇ ಒಳ್ಳೆಯದೆಂದು ಹೇಳಿ ಫಾರಂ ತೆಗೆದೆ. ಹೆಸರು, ವಿಳಾಸ, ವೀಸಾ ತುಂಬಿಸಿದೆವು. ಹಳೆಯ ಕಾಯಿಲೆ ಏನಾದರೂ ಇದೆಯೇ ಎಂಬ ಕಾಲಂ ಬಂತು. ಅವಳು ಚೀಲದಿಂದ ನೀಲಿ ಬಣ್ಣದ ಪುಟ್ಟ ಪಂಪು ತೆಗೆದು ಮೇಜಿನ ಮೇಲಿಟ್ಟಳು. ಚಿಕ್ಕಂದಿನಿಂದ ಆಸ್ತಮಾ. ವರ್ಷಕ್ಕೆ ಒಂದೆರಡು ಸಲ ಜೋರಾಗುತ್ತದೆ ಎಂದಳು.

ನನ್ನ ಬಾಯಿಂದ ಹಳೆಯ ರೂಢಿಯ ಮಾತೇ ಹೊರಬಿತ್ತು. "ಅದನ್ನೇನು ಬರೆಯುವುದು ಬೇಡ. ಇಲ್ಲ ಅಂತ ಹಾಕೋಣ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಇಂಗ್ಲಿಷ್ ಬಾರದು. ಆದರೆ ಪಂಪು ಕಂಡಿತ್ತು, ಬೇಡವೆಂದು ನಾನು ಕೈ ಆಡಿಸಿದ್ದು ಕಂಡಿತ್ತು.

"ಏನ್ ಬರೀಬ್ಯಾಡ ಅಂದ್ರಿ?" ಎಂದಳು.

"ದಮ್ಮು ಅದ ಅಂತ ಬರದ್ರ ಮೂರು ವರ್ಷ ಅದಕ್ಕ ರೊಕ್ಕ ಕೊಡಂಗಿಲ್ಲ ಅವರು. ಅದಕ್ಕ."

"ಬರೀಲಿಲ್ಲಂದ್ರ ಕೊಡ್ತಾರೇನು?"

ಕೊಡುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಿಂದೆ ಬಟ್ಟೆ ಅಂಗಡಿಯವರೊಬ್ಬರಿಗೆ ಸಕ್ಕರೆ ಕಾಯಿಲೆಯಿದ್ದರೂ ಇಲ್ಲವೆಂದು ಬರೆಸಿದ್ದೆ. ಅವರ ಕಾಲಿನ ಆಪರೇಷನ್ ಆದಾಗ ಕಂಪನಿ ಹಳೆಯ ಚೀಟಿಗಳನ್ನು ಕೆದಕಿ ಕೈ ಎತ್ತಿಬಿಟ್ಟಿತು. ಆಮೇಲೆ ನಾನು ಅಂಗಡಿ ಮುಂದೆ ಹಾದರೆ ಅವರು ಮುಖ ತಿರುಗಿಸುತ್ತಿದ್ದರು. ಇದು ಹೆಂಡತಿಗೂ ಗೊತ್ತಿತ್ತು.

"ನಮ್ ಮಗಳು ಹೊರದೇಶಕ್ಕ ಹೋಗಿ ಯಾರರ ಮನ್ಯಾಗ ಹಿಂಗ ಕುಂತಿದ್ರ, ಅವರು ಇದನ್ನ ಹೇಳ್ಬೇಕಿತ್ತೇನ್ರಿ?" ಎಂದು ಕೇಳಿ ಅವಳು ಒಳಗೆ ಹೋದಳು.

ನಾನು ಫಾರಂ ಮಡಚಿಟ್ಟೆ. ನಾಳೆ ನೋಡೋಣ ಎಂದು ಹುಡುಗಿಗೆ ಹೇಳಿದೆ.

ಮರುದಿನದಿಂದ ಅಂಗಳದಲ್ಲಿ ಕೂತು ಮೂರೂ ಪಾಲಿಸಿಗಳ ಸಣ್ಣ ಅಕ್ಷರಗಳನ್ನು ಓದತೊಡಗಿದೆ. ಇಷ್ಟು ವರ್ಷ ಮಾರಿದ ಪಾಲಿಸಿಯನ್ನೇ ಮೊದಲ ಸಲ ಕೊನೆಯ ಪುಟದವರೆಗೆ ಓದಿದೆನೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅಗ್ಗದ ಪಾಲಿಸಿ ಆಸ್ತಮಾವನ್ನು ಹೊರಗಿಟ್ಟಿತ್ತು. ನನ್ನ ಕಂಪನಿಯದು ಮೂರು ವರ್ಷ ಕಾಯಬೇಕೆನ್ನುತ್ತಿತ್ತು, ಅವಳ ಓದಿನ ಅವಧಿಯೇ ಅಷ್ಟು. ವಿದೇಶಿ ಕಂಪನಿ ಮಾತ್ರ ಕಾಯಿಲೆಯನ್ನು ಮೊದಲೇ ತಿಳಿಸಿ, ವೈದ್ಯರ ಪತ್ರ ಕೊಟ್ಟು, ಒಂದಿಷ್ಟು ಹೆಚ್ಚು ಕಂತು ಕಟ್ಟಿದರೆ ಮೊದಲ ದಿನದಿಂದಲೇ ಹೊಣೆ ಹೊರುತ್ತಿತ್ತು. ಆದರೆ ಅದರ ಪಟ್ಟಿಯಲ್ಲಿದ್ದ ಆಸ್ಪತ್ರೆಗಳೆಲ್ಲ ಹೈದರಾಬಾದ್, ಬೆಂಗಳೂರಿನವು. ಕಲಬುರಗಿಯದು ಒಂದೂ ಇಲ್ಲ. ಇಲ್ಲಿ ಸೇರಿಸಬೇಕಾದರೆ ಅವರಿಗೆ ಫೋನ್ ಮಾಡಬೇಕು, ಖರ್ಚು ತಮ್ಮದೆಂದು ಅವರು ಆಸ್ಪತ್ರೆಗೆ ಪತ್ರ ಕಳಿಸುತ್ತಾರೆ. ಆ ಪತ್ರವನ್ನು ಇಲ್ಲಿಯವರು ನಂಬಬೇಕಲ್ಲ?

ಅದನ್ನು ಕೇಳಿಯೇ ತಿಳಿಯಬೇಕಿತ್ತು. ಹುಡುಗಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಿನ ಆಸ್ಪತ್ರೆಗಳಿಗೆ ಹೊರಟೆ. ಎರಡು ಕಡೆ ಪೂರ್ತಿ ಕೇಳದೆಯೇ ತಲೆಯಾಡಿಸಿದರು. ಮೂರನೆಯ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕೂತಿದ್ದ ಹೆಂಗಸು ಕಾಗದ ಇಸಿದುಕೊಂಡು ನಿಧಾನವಾಗಿ ಓದಿದಳು.

"ಇಂಥಾದು ನಾವು ಹಿಂದ ಒಮ್ಮಿ ಮಾಡೀವ್ರಿ ಸರ್. ಪತ್ರ ನಮ್ಮ ಮೇಲ್‌ಗಿ ಬಂತಂದ್ರ ಸಾಕು. ಅದರಾಗ ಪಾಲಿಸಿ ನಂಬರು, ಪೇಶಂಟ್ ಹೆಸರು ಪಾಸ್‌ಪೋರ್ಟ್‌ನ್ಯಾಗ ಇದ್ದಂಗ ಇರ್ಬೇಕು. ಪಾಲಿಸಿ ಕೈಗೆ ಬಂದ ಮ್ಯಾಲ ಒಂದು ಕಾಪಿ ಕೊಟ್ಟು ಹೋಗ್ರಿ, ನಾ ಫೈಲ್ ಮಾಡಿ ಇಡ್ತೀನಿ" ಎಂದಳು. ಮೇಲ್ ವಿಳಾಸವನ್ನು ತಾನೇ ಚೀಟಿಯಲ್ಲಿ ಬರೆದುಕೊಟ್ಟು, ಹುಡುಗಿಯ ಕಡೆ ತಿರುಗಿ, "ನಿಮಗೇನೂ ಆಗಂಗಿಲ್ರಿ, ಸುಮ್ನ ಇರ್ಲಿ ಅಂತ" ಎಂದು ಸೇರಿಸಿದಳು.

ಮನೆಗೆ ಬಂದು ವಿದೇಶಿ ಕಂಪನಿಯ ಅರ್ಜಿ ತುಂಬಿದೆವು. ಆಸ್ತಮಾದ ಕಾಲಮಿನಲ್ಲಿ ಅವಳು ಕೊನೆಯ ಸಲ ಯಾವಾಗ ಆಸ್ಪತ್ರೆ ಸೇರಿದ್ದಳೆಂಬುದನ್ನೂ ಬರೆದಳು. ಮುಂದಿನ ಪುಟದಲ್ಲಿ, ಪಾಲಿಸಿದಾರರು ತೀರಿಕೊಂಡರೆ ದೇಹವನ್ನು ಸ್ವದೇಶಕ್ಕೆ ಕಳಿಸುವ ಸೌಲಭ್ಯ ಬೇಕೇ ಎಂಬ ಪ್ರಶ್ನೆ ಇತ್ತು. ಅದೇನೆಂದು ಹೆಂಡತಿ ಕೇಳಿದಾಗ ನಾನು ಮೆಲ್ಲಗೆ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು.

"ಅದೆಲ್ಲಾ ಬ್ಯಾಡಂತ ಹೇಳ್ರಿ. ಎಂಥಾ ಮಾತ್ ಬರೀತಾರ ಇವರು!"

ಹುಡುಗಿ ಅವಳ ಕೈ ಹಿಡಿದುಕೊಂಡು ತನ್ನ ಕನ್ನಡದಲ್ಲಿ ಹೇಳಿದಳು: "ಬೇಕು ಅವ್ವ. ನಮ್ಮ ಅವ್ವ ಫೋನ್‌ನ್ಯಾಗ ಮೊದ್ಲು ಇದೇ ಕೇಳ್ಯಾಳ."

ಹೆಂಡತಿ ಅವಳ ಬೆನ್ನು ಸವರಿದಳು. ಬೇಕು ಎಂದೇ ಗುರುತು ಹಾಕಿದೆವು. ಪಾಲಿಸಿ ಬಂದ ದಿನವೇ ಅದರ ಒಂದು ಪ್ರತಿಯನ್ನು ಆಸ್ಪತ್ರೆಯ ಕೌಂಟರಿಗೆ ಕೊಟ್ಟು ಬಂದೆ.

ಜನವರಿಯಲ್ಲಿ ಮೂವರೂ ಕಮಲಾಪುರಕ್ಕೆ ಹೋದೆವು. ಅದು ಹೆಂಡತಿಯ ತವರು. ಅವಳ ತಮ್ಮನ ಹೊಲದಲ್ಲಿ ತೊಗರಿ ಬಡಿದು ಕಾಳು ಬಿಡಿಸುವ ರಾಶಿ ನಡೆದಿತ್ತು. ನೆಟೆ ಹತ್ತಿದ ಸಾಲುಗಳ ಬೇರು ಬೇಕೆಂದು ಹುಡುಗಿಯೇ ಹಟ ಹಿಡಿದು ಬಂದಿದ್ದಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೊಲದ ಆಚೆ ತುದಿಯಲ್ಲಿ ಬೇರು ಕೀಳುತ್ತಿದ್ದವಳ ಕಡೆಗೆ ಗಾಳಿ ದಿಕ್ಕು ಬದಲಿಸಿತು. ರಾಶಿ ಯಂತ್ರದ ದೂಳೆಲ್ಲ ಅವಳ ಮೇಲೆ ಬಂತು. ಕೆಮ್ಮು ಶುರುವಾಗಿ ಪಂಪು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಎಳೆದುಕೊಂಡಳು. ಬದುವಿನ ಮೇಲೆ ಕೂತು ಎರಡೂ ಕೈ ಮೊಳಕಾಲಿಗೆ ಊರಿ ಉಸಿರಿಗೆ ಒದ್ದಾಡುವುದನ್ನು ಕಂಡು ಭಾವಮೈದುನ ಯಂತ್ರ ನಿಲ್ಲಿಸಿ ಓಡಿಬಂದ.

"ಮಾಮಾ, ಜಲ್ದಿ ನಮ್ಮ ಜೀಪಿನ್ಯಾಗ ಕುಂದರಸ್ರಿ!"

ಕಮಲಾಪುರದ ಸರ್ಕಾರಿ ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿ, ಔಷಧದ ಹಬೆ ಕೊಟ್ಟರು. ಉಸಿರು ತುಸು ಸಡಿಲಾಯಿತು, ಆದರೆ ನೀಲಿಗಟ್ಟಿದ್ದ ತುಟಿಯ ಬಣ್ಣ ಪೂರ್ತಿ ತಿಳಿಯಾಗಲಿಲ್ಲ. ಅಲ್ಲಿಯ ಡಾಕ್ಟರಮ್ಮ ಕಲಬುರಗಿಗೆ ಕರೆದೊಯ್ಯಿರಿ ಎಂದು ಆಂಬುಲೆನ್ಸ್ ಮಾಡಿಕೊಟ್ಟರು. ದಾರಿಯುದ್ದಕ್ಕೂ ಹೆಂಡತಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, "ಉಸುರು ತಗೋ ಯವ್ವಾ, ಸಾವಕಾಶ ತಗೋ" ಎಂದು ಚಿಕ್ಕ ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು. ನಾನು ಮುಂದಿನ ಸೀಟಿನಿಂದ ವಿಮಾ ಕಂಪನಿಗೆ ಫೋನ್ ಹಚ್ಚಿದೆ. ಆ ಕಡೆಯಿಂದ ಒಬ್ಬರು ಶಾಂತವಾಗಿ ಪಾಲಿಸಿ ನಂಬರು, ಆಸ್ಪತ್ರೆಯ ಮೇಲ್ ವಿಳಾಸ ಬರೆದುಕೊಂಡರು. ಕೊನೆಗೆ, "ಇದು ಹಳೆಯ ಕಾಯಿಲೆಯೇ? ಅರ್ಜಿಯಲ್ಲಿ ತಿಳಿಸಿದ್ದಿರಾ?" ಎಂದು ಕೇಳಿದರು.

"ತಿಳಿಸಿದ್ದೇವೆ" ಎಂದೆ. ಇನ್ನೊಂದು ಉತ್ತರ ಎಷ್ಟು ಹತ್ತಿರದಲ್ಲಿತ್ತೆಂಬುದು ನೆನಪಾಯಿತು.

ನಾವು ಮುಟ್ಟುವಷ್ಟರಲ್ಲಿ ಪತ್ರ ಬಂದಿರಲಿಲ್ಲ. ಆದರೂ ಕೌಂಟರಿನ ಹೆಂಗಸು ಫೈಲು ತೆಗೆದು ನೋಡಿ, "ಮೊದ್ಲು ಒಳಗ ಕರ್ಕೊಂಡ್ ಹೋಗ್ರಿ, ಕಾಗದ ನಾ ನೋಡ್ಕೋತೀನಿ" ಎಂದು ಸ್ಟ್ರೆಚರ್ ಕರೆಸಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಪತ್ರ ಬಂತು. ನಾಲ್ಕು ದಿನ ಒಳಗಿದ್ದಳು. ಹೆಂಡತಿ ಅವಳ ಮಂಚ ಬಿಟ್ಟು ಕದಲಲಿಲ್ಲ. ಭಾವಮೈದುನ ಮರುದಿನವೇ ಒಂದು ಗೊನೆ ಕೆಂಪು ಬಾಳೆಹಣ್ಣು ಹೊತ್ತು ಬಂದ. ಹಣ್ಣು ವಾರ್ಡಿನ ಎಲ್ಲರಿಗೂ ಹಂಚಿಹೋಯಿತು. ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಬೇರು ತಂದಿದ್ದ.

"ಅಕ್ಕೋರು ಹೊಲದಾಗ ಬಿಟ್ಟು ಬಂದಿದ್ರು ನೋಡ್ರಿ. ಒಣಗಿ ಹೋದ್ರ ಅವರ ಕೆಲಸ ಕೆಡ್ತದ ಅಂತ ತಂದೆ."

ಮೂಗಿಗೆ ನಳಿಕೆಯಿದ್ದರೂ ಅವಳು ಆ ಬೇರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

ಮನೆಗೆ ಬಂದ ಮೇಲೆ ಒಂದು ಸಂಜೆ ಮಹಡಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ, ಮೊದಲು ನಾನು ತೋರಿಸಿದ ಪಾಲಿಸಿ ನನಗೆ ಕಮಿಷನ್ ಬರುವಂಥದ್ದಾಗಿತ್ತೆಂದು ಅವಳಿಗೆ ಹೇಳಿಬಿಟ್ಟೆ. ಮನಸ್ಸಿನಲ್ಲಿ ಇಟ್ಟುಕೊಳ್ಳಲು ಆಗಿರಲಿಲ್ಲ.

ಅವಳು ಆಶ್ಚರ್ಯಪಡಲಿಲ್ಲ. "ಗೊತ್ತಿತ್ತು ಕಾಕಾ. ಆ ಫಾರಂ ಮೇಲೆ ಏಜೆಂಟ್ ಅಂತ ನಿಮ್ಮ ಹೆಸರೇ ಅಚ್ಚಾಗಿತ್ತು" ಎಂದಳು.

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ನೀವು ಫಾರಂ ಮಡಚಿಟ್ಟಿರಿ. ಮಾರನೆ ದಿನ ಕನ್ನಡಕ ಹಾಕಿಕೊಂಡು ಓದುತ್ತ ಕೂತಿರಿ. ನಾನು ಮೇಲಿಂದ ನೋಡುತ್ತಿದ್ದೆ. ಓದಿ ಮುಗಿಸಲಿ ಎಂದು ಕಾಯುತ್ತಿದ್ದೆ."

ಕೆಳಗಿನಿಂದ ಹೆಂಡತಿ, ತಣ್ಣನ ಗಾಳಿಯಾಗ ಯಾಕ ಕುಂತೀರಿ, ಒಳಗ ಬರ್ರಿ ಎಂದು ಇಬ್ಬರನ್ನೂ ಗದರಿದಳು. ನಾವು ಕಪ್ಪು ಹಿಡಿದುಕೊಂಡು ಇಳಿದೆವು.