ಬಸವನಹುಳಕ್ಕೂ ಬನ್ನಿ ಎಂದವರು

ಪ್ರೊಫೆಸರರ ಬಿಳಿ ಅಂಗಿಯ ತೋಳಿನ ಮೇಲೆ ಜರಿಯ ಎಳೆಯಂತೆ ಏನೋ ಮಿಂಚುತ್ತಿತ್ತು. ಬಸವನಹುಳು ಹರಿದ ಲೋಳೆ, ಒಣಗಿದ್ದು. ಮುಂಬಯಿಯ ಬೊರಿವಲಿಯ ಅವರ ಮನೆಯಲ್ಲಿ ಆ ಅಂಗಿ ಒಗೆಯುತ್ತಿದ್ದವಳು ನಾನು. ಅವರು ಮೈಸೂರಿನ ಕಡೆಯವರು, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಚಿಕ್ಕಂದಿನಿಂದ ಅವರಿಗೆ ಇದೊಂದೇ ಹುಳದ ಹುಚ್ಚು. ಮಳೆಗಾಲದಲ್ಲಿ ಲೋಕಲ್ ರೈಲು ಇಳಿದು ಬಂದವರೇ ಹಿತ್ತಲಲ್ಲಿ ಮೊಣಕಾಲೂರಿ ಕೂತುಬಿಡುತ್ತಿದ್ದರು.

ಅದು ತೊಂಬತ್ತರ ಇಸವಿಯ ಆಸುಪಾಸು. ನನ್ನ ಮಗಳಿಗೆ ಮೂರು ತುಂಬಿದರೂ ಬಾಯಲ್ಲಿ ಒಂದು ಮಾತಿಲ್ಲ. ಮಾತು ಬರಲಿ ಎಂದು ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದೆ. ನಾವಿದ್ದ ಚಾಳಿನ ಅಕ್ಕಪಕ್ಕದ ಮನೆಯ ಹೆಂಗಸರು ಚಪ್ಪಾಳೆ ತಟ್ಟಿ, "ಏ ಮೂಕಿ, ಅವ್ವಾ ಅನ್ನಲೇ" ಎಂದರೆ ಅವಳು ನನ್ನ ಸೆರಗಿನಲ್ಲಿ ಮುಖ ಹುದುಗಿಸುತ್ತಿದ್ದಳು. ಕೆಲಸಕ್ಕೆ ಅವಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದೆ. ಪ್ರೊಫೆಸರರ ಪಕ್ಕ ಕೂತು ಹುಳ ನೋಡುತ್ತಿದ್ದಳು. "ಅದರ ಸಂಗ ಬ್ಯಾಡ, ಇನ್ನೂ ಮಂದ ಆಗತಾಳ" ಎಂದು ಅತ್ತೆ ಹೆದರಿಸಿದರು.

ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ. "ಸಾಹೇಬ್ರ, ಇಕಿಗಿ ಎಂದರ ಮಾತ ಬರತಾವೇನ್ರಿ? ಖರೇ ಹೇಳ್ರಿ."

ಅವರು ಹುಲ್ಲುಕಡ್ಡಿಯಿಂದ ಹುಳದ ಕೊಂಬು ಮುಟ್ಟಿದರು. ಅದು ಸರ್ರನೆ ಒಳಗೆ ಹೋಯಿತು. "ನೋಡಮ್ಮ, ಮುಟ್ಟಿದ್ರೆ ಹೀಗೆ. ಬಿಟ್ರೆ ತಾನೇ ಬರತ್ತೆ. ಮಗು ಮಾತಾಡತ್ತೋ ಇಲ್ವೋ, ನಂಗೆ ಗೊತ್ತಿಲ್ಲ. ಕಿವಿ ಚೆನ್ನಾಗಿದೆ. ಮಾತಾಡು ಅನ್ನೋದು ಮಾತ್ರ ನಿಲ್ಲಿಸಿ." ಆಮೇಲೆ ಚಿಪ್ಪಿನ ಹತ್ತಿರ ಬಾಗಿ, ನೆಂಟರನ್ನು ಕರೆಯುವಂತೆ, "ಬನ್ನಿ, ಬನ್ನಿ" ಎಂದರು. ಹುಳಗಳಿಗೆಲ್ಲ ಅವರದು ಬಹುವಚನವೇ.

ಓದಿದವರೇ ಗೊತ್ತಿಲ್ಲ ಎಂದರಲ್ಲ! ಆದರೂ ಚಾಳಿನವರ ಚಪ್ಪಾಳೆ ಜಗಳ ಮಾಡಿ ನಿಲ್ಲಿಸಿದೆ.

ಶ್ರಾವಣ ಮುಗಿಯುತ್ತ ಬಂದಿತ್ತು. ಪಾತ್ರೆ ತಿಕ್ಕುತ್ತಿದ್ದೆ. ಹಿತ್ತಲಿನಿಂದ ಸಣ್ಣ ದನಿ: "ಬನ್ನಿ."

ನಮ್ಮ ವಿಜಾಪುರದ ಕಡೆ ಬರ್ರಿ ಅನ್ನುತ್ತೇವೆ. ಬನ್ನಿ ಎಂದರೆ ನಮಗೆ ದಸರೆಯ ಗಿಡ. ಮಾತು ಪ್ರೊಫೆಸರರದು, ದನಿ ಅವರದಲ್ಲ. ಬೂದಿಗೈಯಲ್ಲೇ ಓಡಿದೆ. ಮಗಳು ಚಿಪ್ಪಿನ ಮೇಲೆ ಬಾಗಿದ್ದಳು. ಪ್ರೊಫೆಸರು ನನ್ನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅವರ ಕಣ್ಣು ತುಂಬಿತ್ತು. ಕೂಗಿ ಅಪ್ಪಿಕೊಳ್ಳಬೇಕೆಂದು ಜೀವ ಹಾರುತ್ತಿದ್ದರೂ ಬಾಗಿಲಲ್ಲೇ ನಿಂತೆ.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಈಗ ಮೊಮ್ಮಗಳದೂ ಅದೇ ಕಥೆ. ಮಾತು ತಡವಾದಾಗ ನಾನು ಮತ್ತೆ ಬಜೆ ಹುಡುಕಿದ್ದೆ. ಮಗಳು ಮಾತ್ರ ಆ ಕೂಸಿಗೆ ಯಾರೂ ಮಾತಾಡು ಅನ್ನದಂತೆ ಕಾದಳು; ತಾನು ಕೂಸನ್ನು ಬನ್ನಿ ಬನ್ನಿ ಎಂದೇ ಕರೆಯುತ್ತಿದ್ದಳು. ಇವತ್ತು ಬೆಳಿಗ್ಗೆ ನಾನು ಬಾಗಿಲು ತಟ್ಟಿದರೆ ಒಳಗಿನಿಂದ ಕೂಸಿನ ತೊದಲು ದನಿ, "ಬನ್ನಿ!"

ನಾನು ಹೊಸ್ತಿಲಲ್ಲೇ ಕೂತು, ನಗುತ್ತ, ಅಳುತ್ತ ಅಂದೆ, "ಬಂದ್ನಿರೀ ಯವ್ವಾ, ಬಂದ್ನಿ!"